ಕರದಂಟಿನ ಅಂಟು ತುಟ್ಟಿಯಾದದ್ದಕ್ಕೂ ಸುಡಾನಿನ ಯುದ್ಧಕ್ಕೂ ಏನು ಸಂಬಂಧ?

ಪ್ರಶ್ನೆ: ಸರ್, ನಮಸ್ಕಾರ್ರೀ. ಅಮೀನಗಡದಾಗ ನಮ್ಮದು ಕರದಂಟಿನ ಅಂಗಡಿ ಐತ್ರಿ, ನಮ್ಮ ಅಜ್ಜನ ಕಾಲದಿಂದ. ಈಗ ಅಂಟಿನ ರೇಟು ಒಂದು ಸಲ ಇದ್ದಂಗ ಇನ್ನೊಂದು ಸಲ ಇರಂಗಿಲ್ಲ. ಅಡತಿಯವರನ್ನ ಕೇಳಿದ್ರ ‘ಸುಡಾನದಾಗ ಯುದ್ಧ ನಡದೈತಿ, ಮಾಲು ಬರವಲ್ದು’ ಅಂತಾರ. ಮಗಳು ಬಾಗಲಕೋಟಿಯೊಳಗ ಬಿ.ಎ. ಓದ್ತಾಳ. ಅಕಿ ‘ಅಪ್ಪಾ, ಅಲ್ಲಿ ಮಂದಿ ಹಸದು ಸಾಯಾಕತ್ತಾರ, ಆ ಅಂಟು ತರಸಬ್ಯಾಡ’ ಅಂತ ಹಟ ಹಿಡದಾಳ. ತಮ್ಮತಮ್ಮೊಳಗಿನ ಜಗಳ ಇಷ್ಟು ವರ್ಷ ಹ್ಯಾಂಗ ನಡೀತೈತ್ರಿ? ಹೊರಗಿನವರು ಯಾರ್ಯಾರು ಕೈ ಹಾಕ್ಯಾರ? ಅಂಟು ತಗೊಂಡ್ರ ನಾವೂ ಗುಂಡಿಗೆ ರೊಕ್ಕ ಕೊಟ್ಟಂಗ ಆಗತೈತೇನು? ರೇಟು ಯಾವಾಗ ಇಳೀತೈತಿ?
(ಕರದಂಟಿನ ಅಂಗಡಿಯವರೊಬ್ಬರು, ಅಮೀನಗಡ, ಬಾಗಲಕೋಟೆ ಜಿಲ್ಲೆ)

ಉತ್ತರ: ಅಡತಿಯವರ ಮಾತಿನಲ್ಲಿ ಹುರುಳಿದೆ. ಭಾರತದ ಪೇಟೆಗೆ ಬರುವ ತಿನ್ನುವ ಅಂಟಿನಲ್ಲಿ ನಮ್ಮ ನೆಲದ ಜಾಲಿ ಮರಗಳದ್ದೂ ಇದೆ. ಸುಡಾನ್, ಚಾಡ್, ನೈಜೀರಿಯಾಗಳಿಂದ ಹಡಗು ಹತ್ತಿ ಬಂದದ್ದೂ ಇದೆ. ಜಗತ್ತಿನ ಅರೇಬಿಕ್ ಅಂಟಿನಲ್ಲಿ ಶೇ 70ರಿಂದ 80ರಷ್ಟು ಸುಡಾನ್ ಒಂದರದೇ. ಆ ದೇಶದ ಕೊರ್ಡೊಫಾನ್ ಮತ್ತು ಡಾರ್ಫುರ್ ಸೀಮೆಗಳಲ್ಲಿ ಹಶಾಬ್ ಎಂಬ ಜಾಲಿ ಜಾತಿಯ ಮರ ಬೆಳೆಯುತ್ತದೆ. ಮಳೆಗಾಲ ಮುಗಿದು ಎಲೆ ಉದುರುವ ಹೊತ್ತಿಗೆ ರೈತರು ಅದರ ತೊಗಟೆ ಸೀಳಿ ಬಿಡುತ್ತಾರೆ. ಕೆಲವು ವಾರ ಕಳೆದರೆ ಸೀಳಿದ ಜಾಗದಲ್ಲಿ ಅಂಟು ಒಸರಿ ಗಟ್ಟಿಯಾಗುತ್ತದೆ. ತಂಪು ಪಾನೀಯ, ಚಾಕೊಲೇಟು, ಔಷಧಿ ಮಾತ್ರೆ, ಅಚ್ಚಿನ ಮಸಿ ಎಲ್ಲಕ್ಕೂ ಅದು ಬೇಕು. 1997ರಲ್ಲಿ ಅಮೆರಿಕ ಸುಡಾನಿನ ಮೇಲೆ ವ್ಯಾಪಾರ ನಿರ್ಬಂಧ ಹೇರಿತು. ಆಮೇಲೆ ತನ್ನ ಕಂಪನಿಗಳ ಅನುಕೂಲಕ್ಕೆ ಅಂಟಿಗೆ ಮಾತ್ರ ವಿನಾಯಿತಿ ಕೊಟ್ಟಿತು. ದೊಡ್ಡವರ ನಿರ್ಬಂಧದಲ್ಲೂ ಹಿತ್ತಲ ಬಾಗಿಲು ಇರುತ್ತದೆ ಅನ್ನಿ.

ಅದೇ ಅಂಟಿನ ಸೀಮೆ ಈಗ ರಣಭೂಮಿ. ನಿಮ್ಮ ಮಗಳ ಪ್ರಶ್ನೆ ಸರಿಯಾದದ್ದೇ, ಆದರೆ ಆಕೆ ಅಂಟಿಗಿಂತ ಮೊದಲು ಕೇಳಬೇಕಾದ ಮಾಲು ಇನ್ನೊಂದಿದೆ. ಅದಕ್ಕೆ ಬರುವ ಮುನ್ನ ಹೊಡೆದಾಡುತ್ತಿರುವವರು ಯಾರೆಂದು ತಿಳಿಯಬೇಕು.

2023ರ ಏಪ್ರಿಲ್ 15ರ ಶನಿವಾರ, ರಂಜಾನ್ ತಿಂಗಳ ಕೊನೆಯ ವಾರದಲ್ಲಿ, ರಾಜಧಾನಿ ಖಾರ್ತೂಮಿನಲ್ಲಿ ಗುಂಡಿನ ಸದ್ದು ಶುರುವಾಯಿತು. ಒಂದು ಕಡೆ ದೇಶದ ಸೇನೆ. ಅದರ ಮುಖ್ಯಸ್ಥ ಜನರಲ್ ಅಬ್ದೆಲ್ ಫತ್ತಾಹ್ ಅಲ್ ಬುರ್ಹಾನ್. ಇನ್ನೊಂದು ಕಡೆ ‘ರ್‍ಯಾಪಿಡ್ ಸಪೋರ್ಟ್ ಫೋರ್ಸಸ್’, ಪತ್ರಿಕೆಗಳಲ್ಲಿ ಆರ್‌ಎಸ್‌ಎಫ್ ಎಂದು ಬರುವ ಪಡೆ. ಅದರ ನಾಯಕ ಮೊಹಮದ್ ಹಮ್ದಾನ್ ದಗಾಲೊ. ಜನ ಕರೆಯುವುದು ಹೆಮೆಟಿ ಎಂದು. ಒಂಟೆ ವ್ಯಾಪಾರದಿಂದ ಮೇಲೆ ಬಂದ ಮನುಷ್ಯ.

ಇಬ್ಬರೂ ಹಳೆಯ ಜೊತೆಗಾರರು. 1989ರಿಂದ ಆಳುತ್ತಿದ್ದ ಒಮರ್ ಅಲ್ ಬಶೀರ್ ವಿರುದ್ಧ ಜನ ಬೀದಿಗಿಳಿದಾಗ, 2019ರ ಏಪ್ರಿಲ್‌ನಲ್ಲಿ ಆತನನ್ನು ಇಳಿಸಿದ ಸೇನಾಕೂಟದಲ್ಲಿ ಇಬ್ಬರೂ ಇದ್ದರು. ಪ್ರಜಾಪ್ರಭುತ್ವ ಬೇಕೆಂದು ಸೇನಾ ಕಚೇರಿಯೆದುರು ಕೂತಿದ್ದ ಯುವಜನರ ಮೇಲೆ ಅದೇ ವರ್ಷದ ಜೂನ್ 3ರಂದು ಗುಂಡು ಹಾರಿತು. ನೂರಕ್ಕೂ ಹೆಚ್ಚು ಜನ ಸತ್ತರು. 2021ರ ಅಕ್ಟೋಬರ್ 25ರಂದು ನಾಗರಿಕ ಸರ್ಕಾರವನ್ನು ಕಿತ್ತೆಸೆದವರೂ ಇವರೇ. ಆಮೇಲೆ ಪಾಲು ಹಂಚಿಕೆಯಲ್ಲಿ ಕೆಟ್ಟರು. ಆರ್‌ಎಸ್‌ಎಫ್ ಸೇನೆಯೊಳಗೆ ಎರಡು ವರ್ಷದಲ್ಲಿ ಸೇರಬೇಕು ಎಂದು ಬುರ್ಹಾನ್, ಹತ್ತು ವರ್ಷ ಬೇಕು ಎಂದು ಹೆಮೆಟಿ. ಹೊರಗೆ ಕಂಡ ತಕರಾರು ಇದು. ಒಳಗಿನದ್ದು, ದೇಶದ ಸಂಪತ್ತಿನ ಕೀಲಿಕೈ ಯಾರ ಸೊಂಟದಲ್ಲಿರಬೇಕು ಎನ್ನುವುದು.

ಆರ್‌ಎಸ್‌ಎಫ್ ಹುಟ್ಟಿದ ಬಗೆಯನ್ನು ಮರೆತರೆ ಮುಂದಿನದ್ದು ಅರ್ಥವಾಗುವುದಿಲ್ಲ. 2003ರಲ್ಲಿ ಡಾರ್ಫುರಿನಲ್ಲಿ ಬಂಡಾಯ ಎದ್ದಾಗ ಬಶೀರ್ ಸರ್ಕಾರ ಕೆಲವು ಅರಬ್ ಬುಡಕಟ್ಟುಗಳ ಯುವಕರಿಗೆ ಬಂದೂಕು ಕೊಟ್ಟು ಹಳ್ಳಿಗಳ ಮೇಲೆ ಬಿಟ್ಟಿತು. ಅವರೇ ಜಂಜಾವೀದ್. ಮಸಾಲಿತ್, ಫುರ್, ಜಘಾವಾ ಸಮುದಾಯಗಳ ಊರುಗಳು ಸುಟ್ಟುಹೋದವು. ಆ ಹಿಂಸೆಯಲ್ಲಿ ಸತ್ತವರು ಸುಮಾರು 3 ಲಕ್ಷ ಎಂದು ವಿಶ್ವಸಂಸ್ಥೆ ಅಂದಾಜಿಸಿದೆ. 2013ರಲ್ಲಿ ಅದೇ ಗುಂಪುಗಳಿಗೆ ಸಮವಸ್ತ್ರ ತೊಡಿಸಿ ಆರ್‌ಎಸ್‌ಎಫ್ ಮಾಡಿದರು. ಅಂದರೆ ಈಗ ಸೇನೆ ‘ಉಗ್ರರು’ ಎಂದು ಕರೆಯುವ ಪಡೆಯನ್ನು ಬೆಳೆಸಿದ್ದು ಅದೇ ಸೇನೆ.

ಇಷ್ಟಾದರೂ ಇಬ್ಬರು ಜನರಲ್‌ಗಳ ಜಗಳ ಆರು ತಿಂಗಳಲ್ಲಿ ದಣಿದು ನಿಲ್ಲಬೇಕಿತ್ತು. ಸುಡಾನ್ ಬಡ ದೇಶ. ಡ್ರೋನು, ಕ್ಷಿಪಣಿ, ಹೊವಿಟ್ಜರ್ ಫಿರಂಗಿ ಯಾವುದನ್ನೂ ಅಲ್ಲಿ ಆರ್‌ಎಸ್‌ಎಫ್ ತಯಾರಿಸುವುದಿಲ್ಲ. ಸೇನೆಗೆ ಒಂದಷ್ಟು ಕಾರ್ಖಾನೆಗಳಿವೆ, ಆದರೆ ಈ ಪ್ರಮಾಣದ ಯುದ್ಧಕ್ಕೆ ಸಾಲುವಷ್ಟಲ್ಲ. ಯುದ್ಧ ನಿಲ್ಲದೆ ನಡೆಯುತ್ತಿರುವುದು ಚಿನ್ನ ಹೊರಗೆ ಹೋಗುವುದರಿಂದ ಮತ್ತು ಆಯುಧ ಒಳಗೆ ಬರುವುದರಿಂದ. ಈ ಎರಡೂ ದಾರಿಗಳು ಬೇರೆ ದೇಶಗಳ ವಿಮಾನ ನಿಲ್ದಾಣಗಳ ಮೂಲಕವೇ ಹಾದುಹೋಗುತ್ತವೆ.

ಮೊದಲು ಚಿನ್ನ. 2011ರ ಜುಲೈನಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವಾದಾಗ ಸುಡಾನಿನ ತೈಲದಲ್ಲಿ ಮುಕ್ಕಾಲು ಪಾಲು ಅದರ ಜೊತೆ ಹೋಯಿತು. ಬೊಕ್ಕಸ ಬರಿದಾದ ಸರ್ಕಾರ ಚಿನ್ನದ ಕಡೆ ತಿರುಗಿತು. ಉತ್ತರ ಡಾರ್ಫುರಿನ ಜೆಬೆಲ್ ಆಮಿರ್ ಗಣಿಯನ್ನು 2017ರಲ್ಲಿ ಹೆಮೆಟಿ ವಶಪಡಿಸಿಕೊಂಡ. ಅಲ್ಲಿಂದ ಮುಂದೆ ಆತ ಸರ್ಕಾರದ ಸಂಬಳಕ್ಕೆ ಕಾಯುವ ದಂಡನಾಯಕನಾಗಿ ಉಳಿಯಲಿಲ್ಲ. ತನ್ನದೇ ಗಣಿ, ಕುಟುಂಬದ ಕಂಪನಿ, ದುಬೈಯಲ್ಲಿ ವ್ಯವಹಾರ ಇಟ್ಟುಕೊಂಡ ಮಾಲೀಕನಾದ. ಅದರ ಮೇಲೆ ಯೆಮನ್ ಯುದ್ಧ ಬಂತು. ಸೌದಿ ಮತ್ತು ಯುಎಇ ಕೂಟದ ಪರವಾಗಿ ಅಲ್ಲಿ ಕಾದಾಡಲು ಸಾವಿರಾರು ಸುಡಾನಿ ಯುವಕರು ಹೋದರು, ಬಹುಪಾಲು ಆರ್‌ಎಸ್‌ಎಫ್‌ನವರು. ಆ ರೊಕ್ಕ, ಆ ಪರಿಚಯ ಎರಡೂ ಆತನ ಕೈಯಲ್ಲಿ ಉಳಿದವು.

ಈಗ ನಿಮ್ಮ ‘ಹೊರಗಿನವರು ಯಾರ್ಯಾರು’ ಪ್ರಶ್ನೆ. ಹೆಸರು ಹೇಳಲು ಅಂಜಬೇಕಾಗಿಲ್ಲ.

ಮೊದಲ ಹೆಸರು ಯುಎಇ. ಯುದ್ಧ ಶುರುವಾದ ಕೆಲವೇ ತಿಂಗಳಲ್ಲಿ ಪೂರ್ವ ಚಾಡ್‌ನ ಅಮ್‌ಜರಾಸ್ ಎಂಬ ಸಣ್ಣ ಊರಿನ ವಿಮಾನ ನಿಲ್ದಾಣಕ್ಕೆ ಯುಎಇಯಿಂದ ಸರಕು ವಿಮಾನಗಳು ಸಾಲುಗಟ್ಟಿ ಬರತೊಡಗಿದವು. ನಿರಾಶ್ರಿತರಿಗೆ ಆಸ್ಪತ್ರೆ ಕಟ್ಟಿದ್ದೇವೆ, ಅದರ ಸಾಮಾನು ಎಂದಿತು ಯುಎಇ. ಆಸ್ಪತ್ರೆ ಇತ್ತು, ಸುಳ್ಳಲ್ಲ. ಆದರೆ ವಿಶ್ವಸಂಸ್ಥೆಯ ತಜ್ಞರ ಸಮಿತಿ 2024ರ ಜನವರಿಯ ವರದಿಯಲ್ಲಿ, ಆ ದಾರಿಯಲ್ಲೇ ಆರ್‌ಎಸ್‌ಎಫ್‌ಗೆ ಆಯುಧ ಹೋಗುತ್ತಿದೆ ಎನ್ನುವ ಆರೋಪ ನಂಬಲರ್ಹ ಎಂದಿತು. ಯುಎಇ ಇಂದಿಗೂ ಅಲ್ಲಗಳೆಯುತ್ತದೆ. ಅಲ್ಲಗಳೆದಂತೆಲ್ಲ ಸಾಕ್ಷಿ ಹೆಚ್ಚುತ್ತ ಬಂದಿದೆ. ಆರ್‌ಎಸ್‌ಎಫ್ ಓಡಿಸುವ ಯುಎಇ ತಯಾರಿಕೆಯ ಕವಚ ವಾಹನಗಳ ಮೇಲೆ ಫ್ರಾನ್ಸಿನ ರಕ್ಷಣಾ ಉಪಕರಣ ಇರುವುದನ್ನು 2024ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ತೋರಿಸಿತು. ಮರುವರ್ಷ ಚೀನಾ ತಯಾರಿಕೆಯ ಮಾರ್ಗದರ್ಶಿತ ಬಾಂಬು, ಹೊವಿಟ್ಜರ್‌ಗಳನ್ನು ಗುರುತಿಸಿ, ಇವು ಯುಎಇ ಮೂಲಕವೇ ಬಂದಿರುವುದು ಬಹುತೇಕ ಖಚಿತ ಎಂದಿತು. ಕೊಲಂಬಿಯಾದ ನಿವೃತ್ತ ಸೈನಿಕರನ್ನು ಸಂಬಳಕ್ಕೆ ಕರೆತಂದು ಡಾರ್ಫುರಿನಲ್ಲಿ ಕಾದಾಡಿಸಿದ್ದೂ ಬಯಲಾಗಿದೆ. ಲ್ಯಾಟಿನ್ ಅಮೆರಿಕದ ಯುವಕ ಸಹಾರಾದ ಮರಳಲ್ಲಿ ಬಂದು ಸಾಯುವಂಥ ಈ ಕಾದಾಟವನ್ನು ಇನ್ನೂ ಸುಡಾನಿಗಳ ಮನೆಜಗಳ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

2025ರ ಮಾರ್ಚ್‌ನಲ್ಲಿ ಸುಡಾನ್, ಯುಎಇ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಮಸಾಲಿತ್ ಜನರ ನರಮೇಧದಲ್ಲಿ ಪಾಲುದಾರ ಎಂದು ದೂರು. ಮೇ 5ರಂದು ನ್ಯಾಯಾಲಯ ಪ್ರಕರಣವನ್ನೇ ಕೈಬಿಟ್ಟಿತು. ಆರೋಪ ಸುಳ್ಳೆಂದು ಹೇಳಿ ಕೈಬಿಟ್ಟದ್ದಲ್ಲ. ನರಮೇಧ ಒಪ್ಪಂದಕ್ಕೆ ಸೇರುವಾಗಲೇ ಯುಎಇ, ತಕರಾರನ್ನು ಈ ನ್ಯಾಯಾಲಯಕ್ಕೆ ಒಯ್ಯಬಹುದು ಎನ್ನುವ ಅದರ 9ನೇ ವಿಧಿ ತನಗೆ ಅನ್ವಯಿಸದು ಎಂದು ಷರತ್ತು ಬರೆದಿಟ್ಟಿತ್ತು. ಆದ್ದರಿಂದ ವಿಚಾರಣೆಯ ಅಧಿಕಾರವೇ ತನಗಿಲ್ಲ ಎಂದಿತು ನ್ಯಾಯಾಲಯ. ಮಾತಿಗೆ ಹೇಳುತ್ತೇನೆ, ಅದೇ ವಿಧಿಯ ಬಗ್ಗೆ ಭಾರತವೂ ಷರತ್ತು ಹಾಕಿದೆ. ಅದು ಅಪರೂಪದ ಸಂಗತಿಯೇನಲ್ಲ.

ಸೇನೆಯ ಹಿಂದೆ ಇರುವವರ ಸಾಲೂ ಸಣ್ಣದಲ್ಲ. ಈಜಿಪ್ಟ್ ಮೊದಲಿಂದಲೂ ಬುರ್ಹಾನ್ ಪರ. ಯುದ್ಧದ ಮೊದಲ ದಿನವೇ ಮೆರೋವೆ ವಾಯುನೆಲೆಯಲ್ಲಿ ಈಜಿಪ್ಟಿನ ಸೈನಿಕರು ಆರ್‌ಎಸ್‌ಎಫ್ ಕೈಗೆ ಸಿಕ್ಕಿಬಿದ್ದಿದ್ದರು. ಈಜಿಪ್ಟಿನ ಲೆಕ್ಕಾಚಾರ ಕೃಷ್ಣಾ ದಂಡೆಯ ನಿಮಗೆ ಬೇಗ ತಿಳಿಯುತ್ತದೆ. ಆಲಮಟ್ಟಿ ಗೇಟು 519ರಿಂದ 524 ಮೀಟರಿಗೆ ಏರುತ್ತದೆ ಎಂದರೆ ಮೇಲಿನವರು, ಕೆಳಗಿನವರು ಹೇಗೆ ಎದ್ದು ಕೂರುತ್ತಾರೋ, ನೀಲಿ ನೈಲ್ ಮೇಲೆ ಇಥಿಯೋಪಿಯಾ ಕಟ್ಟಿದ ಮಹಾ ಅಣೆಕಟ್ಟು ಕೈರೋದಲ್ಲಿ ಹಾಗೆ ನಿದ್ದೆ ಕೆಡಿಸಿದೆ. 1959ರ ಒಪ್ಪಂದದ ಪ್ರಕಾರ ನೈಲ್ ನೀರಿನಲ್ಲಿ ಈಜಿಪ್ಟಿಗೆ 55.5 ಶತಕೋಟಿ ಘನ ಮೀಟರ್, ಸುಡಾನಿಗೆ 18.5. ನಡುವೆ ಕೂತಿರುವ ಖಾರ್ತೂಮಿನಲ್ಲಿ ತನ್ನ ಮಾತು ಕೇಳುವ ಸೇನಾಧಿಕಾರಿ ಇರಬೇಕು ಎನ್ನುವುದು ಅವರ ಹಳೆಯ ಆಸೆ.

ಇರಾನ್ ಸೇನೆಗೆ ಮೊಹಾಜಿರ್-6 ಡ್ರೋನು ಕೊಟ್ಟಿತು, ಟರ್ಕಿಯಿಂದ ಬೈರಕ್ತರ್ ಬಂತು. ರಷ್ಯಾದ್ದು ಇನ್ನೂ ಸ್ವಾರಸ್ಯ. ಮೊದಮೊದಲು ವ್ಯಾಗ್ನರ್ ಕೂಲಿಪಡೆಯ ಮೂಲಕ ಚಿನ್ನಕ್ಕಾಗಿ ಹೆಮೆಟಿಯ ಸಂಗ. ಆಮೇಲೆ ಕೆಂಪು ಸಮುದ್ರದ ಪೋರ್ಟ್ ಸುಡಾನ್‌ನಲ್ಲಿ ನೌಕಾನೆಲೆ ಸಿಗಬಹುದೆಂದು ಸೇನೆಯ ಸಂಗ. 2024ರ ನವೆಂಬರ್ 18ರಂದು ಕದನವಿರಾಮ ಕೋರಿದ ಭದ್ರತಾ ಮಂಡಳಿಯ ನಿರ್ಣಯಕ್ಕೆ 15ರಲ್ಲಿ 14 ದೇಶಗಳು ಒಪ್ಪಿದವು. ರಷ್ಯಾ ಒಂದೇ ವೀಟೊ ಹಾಕಿ ಕೆಡವಿತು. ಲಿಬಿಯಾದ ಪೂರ್ವಭಾಗ, ಚಾಡ್, ಕೀನ್ಯಾಗಳ ಹೆಸರೂ ಒಂದಲ್ಲ ಒಂದು ಕಾರಣಕ್ಕೆ ಬರುತ್ತವೆ. 2025ರ ಫೆಬ್ರವರಿಯಲ್ಲಿ ಆರ್‌ಎಸ್‌ಎಫ್ ತನ್ನ ಪರ್ಯಾಯ ಸರ್ಕಾರದ ಒಡಂಬಡಿಕೆಗೆ ಸಹಿ ಹಾಕಿಸಿದ್ದು ನೈರೋಬಿಯಲ್ಲಿ.

ಸಂಧಾನದ ಮೇಜಿನ ಸುತ್ತ ಕೂತವರನ್ನು ಈಗ ನೋಡಿ. 2025ರ ಸೆಪ್ಟೆಂಬರ್‌ನಲ್ಲಿ ಮೂರು ತಿಂಗಳ ಮಾನವೀಯ ಕದನವಿರಾಮಕ್ಕೆ ಕರೆ ಕೊಟ್ಟ ನಾಲ್ಕು ದೇಶಗಳು ಅಮೆರಿಕ, ಸೌದಿ ಅರೇಬಿಯಾ, ಈಜಿಪ್ಟ್, ಯುಎಇ. ಎರಡು ಪಾಳೆಯಗಳಿಗೆ ಬೆನ್ನೆಲುಬಾದವರೇ ಪಂಚರಾಗಿ ಕೂತಿದ್ದಾರೆ. ನಾಳೆ ಯುದ್ಧ ನಿಂತರೂ ಇವರು ಬೇಡ ಎಂದಿದ್ದರಿಂದಲೇ ನಿಲ್ಲುತ್ತದೆ, ಆದ್ದರಿಂದ ಇವರನ್ನು ಬಿಟ್ಟು ಮಾತುಕತೆ ಸಾಧ್ಯವಿಲ್ಲ ಎಂದು ವಾದಿಸುವವರಿದ್ದಾರೆ. ಆ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಪಂಚನ ಮೇಲೂ ಒತ್ತಡ ಹಾಕುವವರು ಬೇಕಲ್ಲ? ಅಮೆರಿಕ 2025ರ ಜನವರಿಯಲ್ಲಿ ಆರ್‌ಎಸ್‌ಎಫ್ ನರಮೇಧ ನಡೆಸಿದೆ ಎಂದು ಅಧಿಕೃತವಾಗಿ ಘೋಷಿಸಿ ಹೆಮೆಟಿಯ ಮೇಲೆ, ಒಂಬತ್ತು ದಿನ ಬಿಟ್ಟು ಬುರ್ಹಾನ್ ಮೇಲೂ ನಿರ್ಬಂಧ ಹೇರಿತು. ಯುಎಇ ಸರ್ಕಾರವನ್ನು ಮುಟ್ಟಲಿಲ್ಲ. ಇನ್ನು ವಿಶ್ವಸಂಸ್ಥೆಯ ಆಯುಧ ನಿಷೇಧ 2004-05ರಿಂದಲೂ ಜಾರಿಯಲ್ಲಿದೆ. ಆದರೆ ಅದು ಡಾರ್ಫುರಿಗೆ ಮಾತ್ರ. ಉಳಿದ ಸುಡಾನಿಗೆ ಮಾರುವುದನ್ನು ಆ ನಿಷೇಧ ತಡೆಯುವುದಿಲ್ಲ. ಡಾರ್ಫುರಿನಲ್ಲಿದ್ದ ಶಾಂತಿಪಾಲನಾ ಪಡೆಯನ್ನು 2020ರ ಕೊನೆಗೆ ಮುಚ್ಚಿದ್ದರು. ಯುದ್ಧ ಬಂದಾಗ ಅಲ್ಲಿ ಕಾಯುವವರು ಯಾರೂ ಇರಲಿಲ್ಲ.

ಹಸಿವಿನ ಬಗ್ಗೆ ನಿಮ್ಮ ಮಗಳು ಹೇಳಿದ್ದು ನಿಜ, ಆದರೆ ಅದು ಮಳೆ ಕೈಕೊಟ್ಟು ಬಂದ ಬರವಲ್ಲ. ಸುಡಾನಿನಲ್ಲಿ ನೀಲಿ ನೈಲ್ ಮತ್ತು ಬಿಳಿ ನೈಲ್ ನಡುವೆ ಗೆಜೀರಾ ಎಂಬ ನೀರಾವರಿ ಪ್ರದೇಶವಿದೆ. 1925ರಲ್ಲಿ ಬ್ರಿಟಿಷರು ಹತ್ತಿಗಾಗಿ ಶುರು ಮಾಡಿದ್ದು. ಈಗ ಸುಮಾರು 9 ಲಕ್ಷ ಹೆಕ್ಟೇರ್. ದೇಶಕ್ಕೆ ಅನ್ನ ಕೊಡುವ ನೆಲ. 2023ರ ಡಿಸೆಂಬರ್‌ನಲ್ಲಿ ಆರ್‌ಎಸ್‌ಎಫ್ ಅಲ್ಲಿಯ ವಾದ್ ಮದನಿ ಪಟ್ಟಣಕ್ಕೆ ನುಗ್ಗಿತು. ಬೀಜ, ಟ್ರ್ಯಾಕ್ಟರು, ದಾಸ್ತಾನು ಎಲ್ಲ ಲೂಟಿ. ಬಿತ್ತುವವರು ಓಡಿಹೋದರು. ಸೇನೆ ಅದನ್ನು ಮರಳಿ ಹಿಡಿಯುವಷ್ಟರಲ್ಲಿ 2025ರ ಜನವರಿ ಬಂದಿತ್ತು. ಬಿತ್ತದ ಹೊಲಕ್ಕೆ ಹಂಗಾಮು ಕಾಯುವುದಿಲ್ಲ.

ಇದರ ಪೂರ್ತಿ ಚಿತ್ರ ಬೇಕಾದರೆ ಉತ್ತರ ಡಾರ್ಫುರಿನ ರಾಜಧಾನಿ ಅಲ್ ಫಾಶಿರ್ ಕಡೆ ನೋಡಬೇಕು. ಡಾರ್ಫುರಿನಲ್ಲಿ ಸೇನೆಯ ಕೈಯಲ್ಲಿ ಉಳಿದಿದ್ದ ಕೊನೆಯ ದೊಡ್ಡ ಊರು. 2024ರ ಮೇ ತಿಂಗಳಲ್ಲಿ ಆರ್‌ಎಸ್‌ಎಫ್ ಅದನ್ನು ಸುತ್ತುವರಿಯಿತು. ಒಂದೂವರೆ ವರ್ಷ ಆ ಮುತ್ತಿಗೆ ಬಿಡಲಿಲ್ಲ. ಕೊನೆಕೊನೆಗೆ ಊರಿನ ಸುತ್ತ ಮಣ್ಣಿನ ಏರಿಯನ್ನೇ ಎಬ್ಬಿಸಿದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರಗಳಲ್ಲಿ ಅದು ದಿನದಿನಕ್ಕೆ ಉದ್ದವಾಗುವುದನ್ನು ನೋಡಿ ಜಗತ್ತಿಗೆ ಹೇಳುತ್ತಲೇ ಇದ್ದರು. ಒಳಗೆ ಜೋಳ ಮುಗಿಯಿತು, ಸಜ್ಜೆ ಮುಗಿಯಿತು. ಜನ ತಿಂದದ್ದು ಅಂಬಾಜ್. ಅದೇನು ಎಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕು, ನಿಮಗೆ ಬೇಕಿಲ್ಲ: ಗಾಣದಲ್ಲಿ ಎಣ್ಣೆ ತೆಗೆದಾದ ಮೇಲೆ ಉಳಿಯುವ ಶೇಂಗಾ ಹಿಂಡಿ. ನಾವು ಎಮ್ಮೆಗೆ ನೆನೆಸಿ ಇಡುವುದು. ದಾಸ್ತಾನಿನಲ್ಲಿ ಬೂಸಲು ಹಿಡಿದ ಶೇಂಗಾ ಹಿಂಡಿ ವಿಷವಾಗುತ್ತದೆ ಎಂದು ದನ ಕಟ್ಟಿದವರಿಗೆಲ್ಲ ಗೊತ್ತು. ಆಮೇಲಾಮೇಲೆ ಆ ಹಿಂಡಿಗೂ ಬೆಲೆ ಏರಿ ಅದೂ ಸಿಗದಾಯಿತು.

ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆ ಎಂದು 2024ರ ಆಗಸ್ಟ್‌ನಲ್ಲೇ ಅಂತರರಾಷ್ಟ್ರೀಯ ಆಹಾರ ತಜ್ಞರ ಸಮಿತಿ ದೃಢಪಡಿಸಿತ್ತು. ಕ್ಷಾಮ ಎನ್ನುವ ಮಾತನ್ನು ಆ ಸಮಿತಿ ಸುಮ್ಮನೆ ಬಳಸುವುದಿಲ್ಲ. ಐದರಲ್ಲಿ ಒಂದು ಮನೆಯಲ್ಲಿ ಅನ್ನವೇ ಇಲ್ಲದಂತಾಗಬೇಕು, ಮೂರು ಮಕ್ಕಳಲ್ಲಿ ಒಂದು ತೀವ್ರವಾಗಿ ಸೊರಗಿರಬೇಕು, ದಿನಕ್ಕೆ ಹತ್ತು ಸಾವಿರ ಜನರಲ್ಲಿ ಇಬ್ಬರು ಹಸಿವಿನಿಂದ ಅಥವಾ ಅದಕ್ಕಂಟಿದ ರೋಗದಿಂದ ಸಾಯುತ್ತಿರಬೇಕು. ಇಷ್ಟು ಘೋಷಣೆಯಾದ ಮೇಲೂ ಶಿಬಿರಕ್ಕೆ ಲಾರಿ ಸಲೀಸಾಗಿ ಹೋಗಲಿಲ್ಲ. 2025ರ ಏಪ್ರಿಲ್‌ನಲ್ಲಿ ಆರ್‌ಎಸ್‌ಎಫ್ ಶಿಬಿರವನ್ನೇ ನುಂಗಿತು; ಸುಮಾರು 4 ಲಕ್ಷ ಜನ ಚದುರಿದರು. ಅಕ್ಟೋಬರ್ 26ರಂದು ಅಲ್ ಫಾಶಿರ್ ಬಿತ್ತು. ಅಲ್ಲಿಯ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರ ಹತ್ಯೆಯಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕೊಲೆಗಾರರು ತಾವೇ ವಿಡಿಯೊ ಮಾಡಿ ಹಂಚಿದರು. ಅದಕ್ಕೆ ಇಪ್ಪತ್ತು ದಿನ ಮೊದಲಷ್ಟೇ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅಲಿ ಕುಶೈಬ್ ಎಂಬ ಜಂಜಾವೀದ್ ನಾಯಕನನ್ನು ತಪ್ಪಿತಸ್ಥ ಎಂದಿತ್ತು, 2003-04ರ ಅಪರಾಧಗಳಿಗಾಗಿ.

2023ರಲ್ಲಿ ಪಶ್ಚಿಮ ಡಾರ್ಫುರಿನ ಎಲ್ ಜೆನೀನಾದಲ್ಲಿ ಮಸಾಲಿತ್ ಸಮುದಾಯವನ್ನು ಹುಡುಕಿ ಹುಡುಕಿ ಕೊಂದರು. ಆ ಒಂದು ಊರಲ್ಲೇ 10 ಸಾವಿರದಿಂದ 15 ಸಾವಿರ ಜನ ಸತ್ತಿರಬಹುದು ಎಂಬ ಅಂದಾಜು ವಿಶ್ವಸಂಸ್ಥೆಯ ತಜ್ಞರ ವರದಿಯಲ್ಲಿದೆ. ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರವನ್ನು ಆರ್‌ಎಸ್‌ಎಫ್ ಯುದ್ಧದ ಸಾಧನವಾಗಿಯೇ ಬಳಸಿದೆ.

ಹಾಗೆಂದು ಸೇನೆಯ ಕೈ ಶುದ್ಧವಿಲ್ಲ. ಸಂತೆಯ ದಿನ ಸಂತೆಯ ಮೇಲೇ ಬಾಂಬು ಹಾಕಿದ ಪ್ರಸಂಗಗಳಿವೆ. 2024ರ ಡಿಸೆಂಬರ್‌ನಲ್ಲಿ ಕಬ್‌ಕಾಬಿಯಾದಲ್ಲಿ, 2025ರ ಮಾರ್ಚ್‌ನಲ್ಲಿ ತೊರ್ರಾದಲ್ಲಿ. ಚಾಡ್‌ನ ಆದ್ರೆ ಗಡಿದಾರಿಯಲ್ಲಿ ಆಯುಧ ಬರುತ್ತದೆ ಎಂದು ನೆಪ ಹೇಳಿ, 2024ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಅಲ್ಲಿಂದ ಅನ್ನದ ಲಾರಿಗಳನ್ನು ತಡೆದದ್ದು ಸೇನೆಯ ಆಡಳಿತವೇ. ಡಾರ್ಫುರಿಗೆ ಹತ್ತಿರದ ದಾರಿ ಅದು. ಆರ್‌ಎಸ್‌ಎಫ್ ಲಾರಿ ಲೂಟಿ ಮಾಡುತ್ತದೆ, ಸೇನೆ ಲಾರಿಗೆ ಪರವಾನಗಿ ಕೊಡುವುದಿಲ್ಲ. ಹಸಿದವನಿಗೆ ಎರಡೂ ಒಂದೇ.

ಒಟ್ಟು ಲೆಕ್ಕ ಹೇಳುವುದಾದರೆ, 5 ಕೋಟಿ ಜನರ ದೇಶದಲ್ಲಿ ಯುದ್ಧದ ಎರಡು ವರ್ಷದೊಳಗೆ 1.2 ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. ಜಗತ್ತಿನಲ್ಲಿ ಈಗ ಇದಕ್ಕಿಂತ ದೊಡ್ಡ ನಿರಾಶ್ರಿತರ ಸಂಕಟವಿಲ್ಲ. ಚಾಡ್ ಎಂಬ ಬಡ ದೇಶವೊಂದರಲ್ಲೇ 8 ಲಕ್ಷಕ್ಕೂ ಹೆಚ್ಚು ಜನ ಹೊಸದಾಗಿ ಬಂದು ಸೇರಿದ್ದಾರೆ. 2025ರ ನವೆಂಬರ್ ಹೊತ್ತಿಗೆ 2.1 ಕೋಟಿ ಜನ ತೀವ್ರ ಹಸಿವಿನಲ್ಲಿದ್ದರು. ಅಲ್ ಫಾಶಿರ್ ಜೊತೆಗೆ ದಕ್ಷಿಣ ಕೊರ್ಡೊಫಾನಿನ ಕಾದುಗ್ಲಿಯಲ್ಲೂ ಕ್ಷಾಮ ದೃಢಪಟ್ಟಿತು. ಕಾಲರಾ ಲಕ್ಷಕ್ಕೂ ಹೆಚ್ಚು ಜನರನ್ನು ಹಿಡಿಯಿತು. ಸತ್ತವರ ಲೆಕ್ಕದಲ್ಲಿ ಒಂದು ಮಾತು ಗಮನಿಸಿ. ಖಾರ್ತೂಮ್ ರಾಜ್ಯವೊಂದರಲ್ಲೇ ಮೊದಲ 14 ತಿಂಗಳಲ್ಲಿ 61 ಸಾವಿರ ಜನ ಸತ್ತಿದ್ದಾರೆ, ಅದರಲ್ಲಿ ನೇರ ಹಿಂಸೆಗೆ ಬಲಿಯಾದವರು 26 ಸಾವಿರ ಎಂದು ಲಂಡನ್ನಿನ ಆರೋಗ್ಯ ಸಂಶೋಧಕರು ಅಂದಾಜು ಮಾಡಿದ್ದಾರೆ. ಮಿಕ್ಕ ಸಾವುಗಳಲ್ಲಿ ಬಹಳಷ್ಟು ಇನ್ಸುಲಿನ್ ಸಿಗದೆ, ಡಯಾಲಿಸಿಸ್ ನಿಂತು, ಹೆರಿಗೆಗೆ ಹೋಗಲಾಗದೆ, ಭೇದಿಗೆ ಸಲೈನ್ ಇಲ್ಲದೆ ಆಗುವಂಥವು. ಟಿವಿಯಲ್ಲಿ ಕಾಣುವುದು ಬಾಂಬಿಗೆ ಸತ್ತವರು ಮಾತ್ರ.

ಹೊರಗಿನವರು ಎಂದರೆ ಬರೀ ಆಯುಧ ಕೊಟ್ಟವರಲ್ಲ, ಅನ್ನ ಕೊಡುತ್ತೇವೆ ಎಂದು ಕೈ ಹಿಂತೆಗೆದವರೂ ಆ ಲೆಕ್ಕದಲ್ಲಿ ಬರಬೇಕು. 2025ಕ್ಕೆ ವಿಶ್ವಸಂಸ್ಥೆ ಸುಡಾನಿನೊಳಗಿನ ನೆರವಿಗೆ 420 ಕೋಟಿ ಡಾಲರ್ ಕೇಳಿತು. ಅರ್ಧದಷ್ಟೂ ಬರಲಿಲ್ಲ. ಅದೇ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಒಮ್ಮೆಲೇ ತಡೆಹಿಡಿದಾಗ ಸುಡಾನಿನ ಬೀದಿಬೀದಿಯಲ್ಲಿ ನಡೆಯುತ್ತಿದ್ದ ಸಾಮೂಹಿಕ ಅಡುಗೆಮನೆಗಳಲ್ಲಿ ಬಹುಪಾಲು ಮುಚ್ಚಿದವು. ಅವನ್ನು ನಡೆಸುತ್ತಿದ್ದವರು ದೊಡ್ಡ ಸಂಸ್ಥೆಗಳಲ್ಲ. 2019ರ ಚಳವಳಿಯಲ್ಲಿ ಓಣಿ ಓಣಿಗೆ ಹುಟ್ಟಿಕೊಂಡಿದ್ದ ಸಮಿತಿಗಳ ಹುಡುಗ ಹುಡುಗಿಯರು ಯುದ್ಧ ಬಂದಾಗ ‘ತುರ್ತು ನೆರವಿನ ಕೋಣೆ’ಗಳನ್ನು ತೆರೆದರು. ಒಲೆ ಹಚ್ಚಿದರು, ಬೋರ್‌ವೆಲ್ ರಿಪೇರಿ ಮಾಡಿದರು, ಹೆಣ ಹೂಳಿದರು, ಗರ್ಭಿಣಿಯರನ್ನು ಆಸ್ಪತ್ರೆಗೆ ಸಾಗಿಸಿದರು. ಎರಡೂ ಪಡೆಗಳು ಇವರನ್ನು ಶತ್ರುವಿನ ಗೂಢಚಾರರೆಂದು ಹಿಡಿದಿವೆ, ಹಿಂಸಿಸಿವೆ, ಕೊಂದಿವೆ. 2025ರಲ್ಲಿ ಇವರಿಗೆ ನಾರ್ವೆಯ ರಾಫ್ಟೊ ಪ್ರಶಸ್ತಿ, ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಎರಡೂ ಬಂದವು. ನಿಮ್ಮ ಮಗಳ ವಯಸ್ಸಿನವರೇ ಅವರು; ಆಕೆ ಈ ಯುದ್ಧದ ಬಗ್ಗೆ ಓದುವುದಾದರೆ ಇಲ್ಲಿಂದ ಶುರು ಮಾಡಲಿ.

ಕರ್ನಾಟಕಕ್ಕೆ ಈ ಯುದ್ಧ ತೀರ ದೂರದ್ದೇನೂ ಆಗಿರಲಿಲ್ಲ. 2023ರ ವಿಧಾನಸಭೆ ಚುನಾವಣೆಯ ಕಾವಿನಲ್ಲಿ, ಆಯುರ್ವೇದದ ಎಣ್ಣೆ, ಗಿಡಮೂಲಿಕೆ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಸಮುದಾಯದವರು ಸುಡಾನಿನಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಜೈಶಂಕರ್ ನಡುವೆ ಟ್ವಿಟರಿನಲ್ಲಿ ಜಟಾಪಟಿಯೇ ಆಗಿತ್ತು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಆ ಜನರಲ್ಲಿ ಕೆಲವರು ಆಗ ಇದ್ದದ್ದು ಇದೇ ಅಲ್ ಫಾಶಿರ್‌ನಲ್ಲಿ. ಭಾರತ ‘ಆಪರೇಷನ್ ಕಾವೇರಿ’ ನಡೆಸಿ ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ, ಅಲ್ಲಿಂದ ಊರಿಗೆ 3,800ಕ್ಕೂ ಹೆಚ್ಚು ಜನರನ್ನು ಕರೆತಂದಿತು. ಅಚ್ಚುಕಟ್ಟಾದ ಕೆಲಸ. ಅದಾದ ಮೇಲೆ ಸುಡಾನ್ ನಮ್ಮ ಸುದ್ದಿಯಿಂದ ಮಾಯವಾಯಿತು. 1953ರಲ್ಲಿ ಸುಡಾನಿನ ಮೊದಲ ಸಂಸತ್ ಚುನಾವಣೆ ನಡೆಸಿಕೊಟ್ಟದ್ದು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಅಂಥ ನಂಟಿರುವ ದೇಶದ ಬಗ್ಗೆ ದಿಲ್ಲಿ ಇನ್ನೂ ಸ್ವಲ್ಪ ಬಾಯಿ ಬಿಡಬಹುದಿತ್ತು ಎನ್ನುವುದು ನನ್ನ ಅನಿಸಿಕೆ. ಬಿಡುವುದಿಲ್ಲ, ಯಾಕೆಂದರೆ ಯುಎಇ ಜೊತೆ ನಮ್ಮ ವ್ಯಾಪಾರ ದೊಡ್ಡದು.

ಮೊದಲು ಹೇಳಿದ ಇನ್ನೊಂದು ಮಾಲು ಚಿನ್ನವೇ. ಸುಡಾನಿನ ಚಿನ್ನದ ಬಹುಪಾಲು ಹೋಗಿ ಸೇರುವುದು ಯುಎಇಗೆ. ಆರ್‌ಎಸ್‌ಎಫ್ ಗಣಿಯದ್ದು ಕಳ್ಳದಾರಿಯಲ್ಲಿ, ಸೇನೆಯ ಪ್ರದೇಶದ್ದು ಬಹುತೇಕ ರಾಜಾರೋಷವಾಗಿ. ಯಾವ ದೇಶ ತನ್ನ ಶತ್ರುವಿಗೆ ಆಯುಧ ಕೊಡುತ್ತದೆ ಎಂದು ಸೇನೆ ನ್ಯಾಯಾಲಯಕ್ಕೆ ಹೋಯಿತೋ ಅದೇ ದೇಶಕ್ಕೆ ತನ್ನ ಚಿನ್ನ ಮಾರುತ್ತದೆ. 2025ರಲ್ಲಿ ಚಿನ್ನ ಔನ್ಸ್‌ಗೆ 4,000 ಡಾಲರ್ ದಾಟಿತು. ಮದುವೆ ಮನೆಯವರು ಇಲ್ಲಿ ತಲೆ ಮೇಲೆ ಕೈ ಹೊತ್ತರು, ಗಣಿ ಹಿಡಿದ ಜನರಲ್‌ಗಳಿಗೆ ಅಲ್ಲಿ ಅದೇ ಹಬ್ಬ. 2022ರ ಮೇ ತಿಂಗಳಿಂದ ಭಾರತ-ಯುಎಇ ಒಪ್ಪಂದದಡಿ ಅಲ್ಲಿಂದ ಬರುವ ಚಿನ್ನಕ್ಕೆ, ನಿಗದಿತ ಪ್ರಮಾಣದವರೆಗೆ, ಸುಂಕದಲ್ಲಿ ರಿಯಾಯಿತಿಯೂ ಇದೆ. ನಿಮ್ಮ ಮನೆಯ ಬಳೆಯಲ್ಲಿ ಡಾರ್ಫುರಿನ ಚಿನ್ನವಿದೆ ಎಂದು ನಾನು ಹೇಳುತ್ತಿಲ್ಲ. ದುಬೈಯಲ್ಲಿ ಕರಗಿಸಿ ಗಟ್ಟಿ ಮಾಡಿದ ಮೇಲೆ ಯಾವ ಸರಾಫರೂ ಇದೆ ಎಂದಾಗಲಿ ಇಲ್ಲ ಎಂದಾಗಲಿ ಹೇಳಲಾರರು.

ಅಂಟಿನ ಲೆಕ್ಕ ಬೇರೆ. ಚಿನ್ನದ ಗಣಿಗೆ ಬಂದೂಕು ಹಿಡಿದ ಒಡೆಯನಿದ್ದಾನೆ; ಅಂಟಿನ ಮರಕ್ಕೆ ಇರುವುದು ಸಣ್ಣ ಹಿಡುವಳಿಯ ರೈತ. ಆತ ಬಿಡಿಸಿ ತಂದದ್ದನ್ನು ಮಾರಿದರೆ ಮನೆಗೆ ಜೋಳ. ನಿಜ, ದಾರಿಯಲ್ಲಿ ಆರ್‌ಎಸ್‌ಎಫ್ ನಾಕಾ ಹಾಕಿ ಲಾರಿಗಿಷ್ಟು ಎಂದು ವಸೂಲಿ ಮಾಡುತ್ತದೆ. ಅಂಟಿನ ದೊಡ್ಡ ಪೇಟೆಗಳಲ್ಲೊಂದಾದ ಎನ್ ನಹೂದ್ 2025ರ ಮೇ ತಿಂಗಳಲ್ಲಿ ಅದರ ಕೈಗೆ ಬಿತ್ತು, ಮಾಲು ಚಾಡ್, ದಕ್ಷಿಣ ಸುಡಾನ್, ಈಜಿಪ್ಟ್ ಕಡೆ ಕಳ್ಳಸಾಗಣೆಯಾಗಿ ಅಲ್ಲಿಯದೇ ಅಂಟು ಎಂಬ ಹೆಸರಲ್ಲಿ ಜಗತ್ತಿಗೆ ಹೋಗುತ್ತಿದೆ. ಆದ್ದರಿಂದ ನಿಮ್ಮ ರೊಕ್ಕದಲ್ಲಿ ಒಂದು ಚೂರು ನಾಕಾದವನಿಗೆ ಹೋಗಿರಬಹುದು. ಆದರೂ ಎಲ್ಲರೂ ಕೊಳ್ಳುವುದು ನಿಲ್ಲಿಸಿದರೆ ಮೊದಲು ಸಾಯುವವನು ರೈತ. ನಾಕಾದವನಿಗೆ ಚಿನ್ನವಿದೆ, ದನ ಲೂಟಿಯಿದೆ, ದುಬೈಯ ಖಾತೆಯಿದೆ. ಅಂಟು ಬರದ ಊರಲ್ಲಿ ಹಶಾಬ್ ಮರ ಕಡಿದು ಇದ್ದಿಲು ಮಾಡುತ್ತಾರೆ, ಮರಳು ಮುಂದೆ ಬರುತ್ತದೆ. ಹಾಗಾಗಿ ಬಹಿಷ್ಕಾರ ಬೇಡ ಎಂಬುದು ನನ್ನ ಸಲಹೆ, ಮಗಳಿಗೂ ಹೀಗೆಯೇ ಹೇಳಿ. ಬೇಕಾದರೆ ಅಡತಿಯವರಿಗೆ ಮಾಲು ಎಲ್ಲಿಯದು, ಯಾವ ಬಂದರಿನಿಂದ ಬಂತು, ಕಾಗದ ತೋರಿಸಿ ಎಂದು ಕೇಳಿ. ಪೋರ್ಟ್ ಸುಡಾನ್ ಕಾಗದವಿದ್ದರೆ ಅದು ಸೇನೆಯ ಸುಂಕ ಕಟ್ಟಿದ ಮಾಲು, ಚಾಡ್ ಕಾಗದವಿದ್ದರೆ ಗಡಿ ದಾಟಿಸಿದ್ದೂ ಇರಬಹುದು. ಎರಡರಲ್ಲೂ ಪೂರ್ತಿ ಚೊಕ್ಕಟವಾದದ್ದು ಯಾವುದೂ ಇಲ್ಲ.

ರೇಟಿನ ಮಾತು. ಅಂಟು ಬಿಡಿಸುವ ಹಂಗಾಮು ಅಕ್ಟೋಬರ್-ನವೆಂಬರ್‌ನಲ್ಲಿ ಶುರುವಾಗುತ್ತದೆ. ಖಾರ್ತೂಮನ್ನು 2025ರ ಮಾರ್ಚ್‌ನಲ್ಲಿ ಸೇನೆ ಮರಳಿ ಪಡೆದ ಮೇಲೆ ಕಾಳಗ ಪಶ್ಚಿಮಕ್ಕೆ, ಅಂದರೆ ಕೊರ್ಡೊಫಾನಿಗೆ, ಜರುಗಿತು. ಅಂಟಿನ ಹರಾಜು ನಡೆಯುವ ಎಲ್ ಒಬೈದ್ ಪಟ್ಟಣ ಸೇನೆಯ ಕೈಯಲ್ಲಿದೆ, ಸುತ್ತಲ ಮರಗಳಿರುವ ಸೀಮೆಯ ಬಹುಭಾಗ ಆರ್‌ಎಸ್‌ಎಫ್ ಕೈಯಲ್ಲಿ. ಆ ರಸ್ತೆ ತೆರೆಯುವವರೆಗೆ ರೇಟು ಕುಣಿಯುತ್ತಲೇ ಇರುತ್ತದೆ. ಹಬ್ಬದ ಸೀಜನ್ನಿಗೆ ಬೇಕಾದ ಮಾಲನ್ನು ಕಡೆಯ ತಿಂಗಳವರೆಗೆ ಕಾಯದೆ ಈಗಲೇ ಸ್ವಲ್ಪ ಸ್ವಲ್ಪ ತುಂಬಿಟ್ಟುಕೊಳ್ಳಿ. ಒಣಗಿದ ಜಾಗದಲ್ಲಿಟ್ಟರೆ ಅಂಟು ಕೆಡುವುದಿಲ್ಲ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.